ತೊಗಟೆಯೊಳಗಿನ ಚಳಿ, ನಕ್ಷೆಯ ಮೇಲಿನ ಕೀಟ

1860ರ ದಶಕದ ಕೊನೆಗೆ ಅಮೆರಿಕದ ಮೆಡ್‌ಫರ್ಡ್‌ನಲ್ಲಿ ಟ್ರೂವೆಲೊ ಎಂಬಾತ ತರಿಸಿ ಸಾಕಿದ್ದ ಯುರೋಪಿನ ಪತಂಗವೊಂದು ಕೈತಪ್ಪಿ ಹೊರಬಿತ್ತು. ಇಪ್ಪತ್ತು ವರ್ಷದೊಳಗೆ ಅದರ ಕಂಬಳಿಹುಳುಗಳು ಆ ಊರಿನ ಮರಗಳನ್ನು ಬೋಳಿಸಿದವು. ಮುಂದೆ ಎಲ್ಲಿಗೆ ಹೋದೀತೆಂದು ಲೆಕ್ಕ ಹಾಕುವ ಉಪಾಯ ಆಗ ಇರಲಿಲ್ಲ.

1985ರಲ್ಲಿ ಸದರ್ಸ್ಟ್ ಮತ್ತು ಮೇವಾಲ್ಡ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಕ್ಲೈಮೆಕ್ಸ್ ಎಂಬ ಕಂಪ್ಯೂಟರ್ ಮಾದರಿ ಆ ಲೆಕ್ಕಕ್ಕೆ ಒಂದು ರೂಪ ಕೊಟ್ಟಿತು. ಕೀಟ ಬೆಳೆಯಲು ಬೇಕಾದ ಹವೆ, ಅದನ್ನು ಕೊಲ್ಲುವ ಚಳಿ, ಸೆಕೆ, ಒಣಹವೆ, ತೇವ ಇವನ್ನೆಲ್ಲ ತೂಗಿ ಪ್ರತಿ ಸ್ಥಳವೂ ಕೀಟಕ್ಕೆ ಎಷ್ಟು ಒಗ್ಗುತ್ತದೆಂಬುದಕ್ಕೆ 0ಯಿಂದ 100ರೊಳಗೆ ಅಂಕ. 2006ರಲ್ಲಿ ಬಂದ ಮ್ಯಾಕ್ಸೆಂಟ್ ಎಂಬ ಇನ್ನೊಂದು ಮಾದರಿಗೆ ಕೀಟದ ಬದುಕೇನೂ ಗೊತ್ತಿರಬೇಕಿಲ್ಲ. ಕೀಟ ಕಂಡುಬಂದ ಜಾಗಗಳ ಪಟ್ಟಿ ಮತ್ತು ಹವಾಮಾನದ ನಕ್ಷೆ ಸಾಕು. ಎಡವುವುದೂ ಇಲ್ಲೇ. ಹೊಸದಾಗಿ ಬಂದ ಕೀಟ ಒಂದು ಕಡೆ ಕಂಡಿಲ್ಲವೆಂದರೆ ಅಲ್ಲಿಯ ಹವೆ ಒಗ್ಗದೆಂದಲ್ಲ, ಇನ್ನೂ ತಲುಪಿಲ್ಲ ಅಷ್ಟೆ. ರಸ್ತೆಬದಿಯಲ್ಲಷ್ಟೇ ಹುಡುಕಿದ್ದರೆ ಮಾದರಿಯೂ ರಸ್ತೆಬದಿಯನ್ನೇ ಕೀಟದ ಮನೆಯೆಂದು ಕಲಿಯುತ್ತದೆ.

ಕೀಟದ ದೇಹದಿಂದ ಹೊರಡುವ ಲೆಕ್ಕವೇ ಹೆಚ್ಚು ನಂಬಿಕೆಗೆ ಅರ್ಹ. ಸ್ಪ್ರೂಸ್ ಮರದ ತೊಗಟೆಯಡಿ ಬೆಳೆಯುವ ಜೀರುಂಡೆಯನ್ನೇ ನೋಡಿ. ಯುರೋಪಿನ ಈ ಕೀಟ 2018ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲೂ ಸಿಕ್ಕಿತು. 8.3 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇದರ ಬೆಳವಣಿಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಬಿಸಿ ದಿನದಿನವೂ ಜಮೆಯಾಗುತ್ತ ಸುಮಾರು 557 ಡಿಗ್ರಿ-ದಿನ ತುಂಬಿದಾಗ ಒಂದು ತಲೆಮಾರು ಪೂರ್ತಿ. ಸರಾಸರಿ 20 ಡಿಗ್ರಿಯಲ್ಲಿ, ಅದರಿಂದ 8.3 ಕಳೆದು ದಿನಕ್ಕೆ 11.7ರಂತೆ 48 ದಿನ ಬೇಕು; 22 ಡಿಗ್ರಿಯಲ್ಲಿ 41 ದಿನ ಸಾಕು. ಎರಡು ತಲೆಮಾರಿಗೆ ಎರಡು ವಾರ ಉಳಿಯಿತು, ಮೂರನೆಯದಕ್ಕೆ ದಾರಿಯಾಯಿತು. ಆದರೆ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ತೊಗಟೆಯ ಉಷ್ಣತೆ. ಹವಾಮಾನ ಕೇಂದ್ರ ಅಳೆಯುವುದು ನೆರಳಿನ ಗಾಳಿಯನ್ನು. ಬಿಸಿಲಿಗೆ ಮೈಯೊಡ್ಡಿದ ಕಾಂಡ ಅದಕ್ಕಿಂತ ಎಷ್ಟೋ ಬಿಸಿ.

ಚಳಿಗೂ ಇದೇ ಮಾತು. ಆ್ಯಶ್ ಮರ ಕೊರೆಯುವ ಪಚ್ಚೆ ಜೀರುಂಡೆಯ ಮರಿಹುಳು ಸುಮಾರು ಮೈನಸ್ 30 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ತಡೆಯಬಲ್ಲದು. ಚಳಿಯ ರಾತ್ರಿ ತೊಗಟೆಯ ಅಡಿ ಹೊರಗಿಗಿಂತ ಕೆಲವು ಡಿಗ್ರಿ ಬೆಚ್ಚಗೆ. ಮೆಡ್‌ಫರ್ಡಿನ ಪತಂಗದ ಮೊಟ್ಟೆಗಳೂ ಹಿಮದಡಿ ಹುದುಗಿದ್ದರೆ ಉಳಿದುಕೊಳ್ಳುತ್ತವೆ. ಹಾಗೆಂದು ಬಿಸಿ ಏರಿದಂತೆ ಕೀಟ ಹಬ್ಬುತ್ತಲೇ ಹೋಗುತ್ತದೆ ಎನ್ನುವಂತಿಲ್ಲ: ಅಮೆರಿಕದ ವರ್ಜೀನಿಯದ ಕರಾವಳಿ ಬಯಲಿನಲ್ಲಿ ಅದೇ ಪತಂಗ ಸೆಕೆ ತಾಳದೆ ಹಿಂದೆ ಸರಿದಿದೆ.

ಉಷ್ಣತೆಯ ನಕ್ಷೆ ಎಷ್ಟೇ ಸರಿಯಿದ್ದರೂ ಹಿಡಿಯದ ಸಂಗತಿ ಸಾಗಣೆ. ಸರಕು ಸಾಗಿಸುವ ಮರದ ಪ್ಯಾಲೆಟ್, ಪೆಟ್ಟಿಗೆಗಳೊಳಗಿನ ಕೀಟ ಸಾಯಲೆಂದು ಅವುಗಳ ತಿರುಳನ್ನು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಮಾಡಬೇಕು, ಇಲ್ಲವೇ ವಿಷಾನಿಲ ಹಾಯಿಸಬೇಕು ಎಂಬುದು 2002ರ ಅಂತರರಾಷ್ಟ್ರೀಯ ನಿಯಮ. ಸೌದೆಗೆ ಅದು ಅನ್ವಯಿಸದು, ಪಚ್ಚೆ ಜೀರುಂಡೆ ದೂರ ದೂರ ಹೋದದ್ದು ಹೆಚ್ಚಾಗಿ ಸೌದೆಯಲ್ಲೇ. ಅಮೆರಿಕದ ಡೆಟ್ರಾಯ್ಟ್ ಬಳಿ ಅದು ಪತ್ತೆಯಾದದ್ದೂ 2002ರಲ್ಲಿ. ಸತ್ತ ಮರಗಳ ಉಂಗುರ ಎಣಿಸಿದಾಗ ಅದು 1990ರ ದಶಕದಿಂದಲೇ ಅಲ್ಲಿತ್ತೆಂದು ತಿಳಿಯಿತು.