ಸಂದಿ ಮುಚ್ಚುವ ಮೊದಲು

ನಾಲ್ಕೈದು ವರ್ಷದ ಮಗುವಿನ ಹಾಲುಹಲ್ಲುಗಳ ನಡುವೆ ಸಂದಿ ಕಂಡರೆ ಮನೆಯವರಿಗೆ ಚಿಂತೆ. ಹಲ್ಲಿನ ಡಾಕ್ಟರಿಗೆ ಮಾತ್ರ ಖುಷಿ. ಅದಕ್ಕೊಂದು ಲೆಕ್ಕ ಇದೆ. ಮೇಲಿನ ಸಾಲಿನ ಮುಂದಿನ ನಾಲ್ಕು ಹಾಲುಹಲ್ಲು ಬಿದ್ದ ಜಾಗಕ್ಕೆ ಬರುವ ಶಾಶ್ವತ ಹಲ್ಲುಗಳು ಒಟ್ಟಾರೆ ಸುಮಾರು 7.6 ಮಿಲಿಮೀಟರ್ ಜಾಸ್ತಿ ಅಗಲ. ಕೆಳಗಿನ ಸಾಲಿನಲ್ಲಿ ಈ ವ್ಯತ್ಯಾಸ ಸುಮಾರು 6 ಮಿಲಿಮೀಟರ್. ಅಷ್ಟು ಜಾಗ ಎಲ್ಲಿಂದ ಬರಬೇಕು? ಸ್ವಲ್ಪ ದವಡೆ ಬೆಳೆದು ಸಿಗುತ್ತದೆ. ಹೊಸ ಹಲ್ಲು ತುಸು ಮುಂದಕ್ಕೆ ಚಾಚಿ ಸ್ವಲ್ಪ ಸಿಗುತ್ತದೆ. ಉಳಿದದ್ದು ಈ ಸಂದಿಗಳಿಂದಲೇ. ಹಾಲುಹಲ್ಲು ಮುತ್ತು ಪೋಣಿಸಿದ ಹಾಗೆ ಒತ್ತಾಗಿರುವ ಮಗುವಿಗೇ ಮುಂದೆ ಹಲ್ಲಿನ ಮೇಲೆ ಹಲ್ಲು ಏರುವ ಸಾಧ್ಯತೆ ಹೆಚ್ಚು.

ಏಳೆಂಟು ವರ್ಷಕ್ಕೆ ಇನ್ನೊಂದು ಸಂದಿ ಬರುತ್ತದೆ. ಅಪ್ಪ ಅಮ್ಮ ಓಡಿ ಬರುವುದು ಇದಕ್ಕೇ. ಮೇಲಿನ ದೊಡ್ಡ ಬಾಚಿಹಲ್ಲುಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಹೊರಕ್ಕೆ ಬಾಗಿ, ನಡುವೆ ಕಿಂಡಿ ಬಿಟ್ಟುಕೊಂಡು ನಿಲ್ಲುತ್ತವೆ. ಕಾರಣ ಕಣ್ಣಿಗೆ ಕಾಣುವುದಿಲ್ಲ. ವಸಡಿನ ಒಳಗೆ ಕೋರೆಹಲ್ಲುಗಳು ಕೆಳಗಿಳಿಯುತ್ತಾ ಮುಂದಿನ ಹಲ್ಲುಗಳ ಬೇರನ್ನು ಒತ್ತುತ್ತಿರುತ್ತವೆ. ಬೇರು ಒಳಕ್ಕೆ ಸರಿದರೆ ತುದಿ ಹೊರಕ್ಕೆ ಬಾಗಲೇಬೇಕು, ಅಲ್ವಾ? ಅಮೆರಿಕದ ದಂತವೈದ್ಯ ಹಾಲಿ ಬ್ರಾಡ್‌ಬೆಂಟ್ 1937ರಲ್ಲಿ ಇದನ್ನು ವಿವರಿಸಿ, ಮಕ್ಕಳ ಕಥೆಯ ಕುರೂಪಿ ಬಾತುಮರಿಯ ಹೆಸರನ್ನೇ ಈ ಹಂತಕ್ಕೆ ಕೊಟ್ಟರು. ಹನ್ನೊಂದು ಹನ್ನೆರಡನೇ ವರ್ಷಕ್ಕೆ ಕೋರೆಹಲ್ಲು ಹೊರಗೆ ಬಂದು ಸಾಲಿಗೆ ಸೇರುವಾಗ ಮುಂದಿನ ಹಲ್ಲುಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತದೆ. ಸಂದಿ 2 ಮಿಲಿಮೀಟರಿನ ಒಳಗಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಮುಚ್ಚುತ್ತದೆ. ಅದಕ್ಕಿಂತ ದೊಡ್ಡದಿದ್ದರೆ ಪೂರ್ತಿ ಮುಚ್ಚುವ ಭರವಸೆ ಕಡಿಮೆ. ಈ ವಯಸ್ಸಿನಲ್ಲಿ ಅವಸರಪಟ್ಟು ಹಲ್ಲುಗಳನ್ನು ಎಳೆದು ಸೇರಿಸಿದರೆ, ಇಳಿಯುತ್ತಿರುವ ಕೋರೆಹಲ್ಲಿನ ದಾರಿಗೆ ಬೇರು ಅಡ್ಡ ಬಂದು ಆ ಬೇರೇ ಸವೆಯುವ ಅಪಾಯವಿದೆ. ಆದ್ದರಿಂದ ಡಾಕ್ಟರು ಕಾಯೋಣ ಅಂದರೆ ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಕಾಯುವುದೂ ಚಿಕಿತ್ಸೆಯೇ.

ತಾನಾಗಿ ಮುಚ್ಚದ ಸಂದಿಯ ಹಿಂದೆ ಒಂದೊಂದು ಬಾಯಲ್ಲಿ ಒಂದೊಂದು ಕಾರಣ ಇರುತ್ತದೆ. ಮೇಲಿನ ತುಟಿಯನ್ನು ಎತ್ತಿ ಕನ್ನಡಿಯಲ್ಲಿ ನೋಡಿ. ತುಟಿಯಿಂದ ವಸಡಿಗೆ ಒಂದು ಪುಟ್ಟ ಪಟ್ಟಿ ಕಾಣುತ್ತದೆ. ಕೆಲವರಿಗೆ ಇದು ದಪ್ಪಗಿದ್ದು, ಎರಡು ಹಲ್ಲುಗಳ ನಡುವೆ ಹಾದು ಒಳಗಿನ ಅಂಗುಳದವರೆಗೂ ಇಳಿದಿರುತ್ತದೆ. ಡಾಕ್ಟರು ತುಟಿಯನ್ನು ಎಳೆದು ನೋಡುತ್ತಾರೆ. ಹಲ್ಲಿನ ನಡುವಿನ ವಸಡು ರಕ್ತ ಇಂಗಿ ಬೆಳ್ಳಗಾದರೆ ಪಟ್ಟಿಯ ಮೇಲೆ ಅನುಮಾನ. ಹಾಗಂತ ಮೊದಲೇ ಅದನ್ನು ಕತ್ತರಿಸಿಬಿಡುವುದು ಸಾಮಾನ್ಯವಾಗಿ ಒಳ್ಳೆಯದಲ್ಲ. ಗಾಯ ಮಾಗಿ ಗಟ್ಟಿಯಾದ ಜಾಗವೇ ಹಲ್ಲು ಸರಿಯಲು ಅಡ್ಡಿಯಾಗಬಹುದು. ಆದ್ದರಿಂದ ಮೊದಲು ಹಲ್ಲು ಸೇರಿಸಿ, ಆಮೇಲೆ ಪಟ್ಟಿ ತೆಗೆಯುವುದು ರೂಢಿ.

ಇನ್ನು ಕೆಲವರಿಗೆ ಎರಡು ಬಾಚಿಹಲ್ಲುಗಳ ನಡುವೆ, ಎಲುಬಿನೊಳಗೆ, ಮೊಳೆಯಂಥ ಹೆಚ್ಚುವರಿ ಹಲ್ಲೊಂದು ಅಡಗಿ ಕೂತಿರುತ್ತದೆ. ಮನುಷ್ಯರಲ್ಲಿ ಕಾಣುವ ಹೆಚ್ಚುವರಿ ಹಲ್ಲುಗಳಲ್ಲಿ ಇದೇ ಅತಿ ಸಾಮಾನ್ಯ. ಎಕ್ಸ್‌ರೇ ತೆಗೆಯದೆ ಇದು ಗೊತ್ತಾಗುವುದೇ ಇಲ್ಲ. ಮತ್ತೆ ಕೆಲವರಿಗೆ ಇರಬೇಕಾದ ಹಲ್ಲೇ ಹುಟ್ಟಿರುವುದಿಲ್ಲ. ಬುದ್ಧಿಹಲ್ಲನ್ನು ಬಿಟ್ಟರೆ, ಹೀಗೆ ಕೈಕೊಡುವ ಹಲ್ಲುಗಳಲ್ಲಿ ಮೇಲಿನ ದೊಡ್ಡ ಬಾಚಿಹಲ್ಲಿನ ಪಕ್ಕದ್ದು ಮುಂಚೂಣಿಯಲ್ಲಿದೆ. ಅದೇ ಹಲ್ಲು ಹುಟ್ಟಿದರೂ ಕೆಲವೊಮ್ಮೆ ಗೂಟದ ಹಾಗೆ ಸಣಕಲಾಗಿರುತ್ತದೆ. ಅಪ್ಪನಿಗೋ ಅಮ್ಮನಿಗೋ ಹೀಗಿದ್ದರೆ ಮಗುವಿಗೂ ಬರುವುದುಂಟು.

ನಾಲಿಗೆಯ ಪಾತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಲ್ಲನ್ನು ಸರಿಸುವುದು ಬಲದ ದೊಡ್ಡಸ್ತಿಕೆಯಲ್ಲ, ಬಲ ಎಷ್ಟು ಹೊತ್ತು ಇರುತ್ತದೆ ಅನ್ನುವುದು. ಚಕ್ಕುಲಿ ಕಡಿಯುವಾಗ ಹಲ್ಲಿನ ಮೇಲೆ ಕಿಲೋಗಟ್ಟಲೆ ಭಾರ ಬೀಳುತ್ತದೆ. ಆದರೆ ಅದು ಒಂದು ಕ್ಷಣ ಮಾತ್ರ, ಹಲ್ಲು ಇದ್ದಲ್ಲೇ ಇರುತ್ತದೆ. ದಿನಕ್ಕೆ ಹಲವು ಗಂಟೆ ಬಿಡದೆ ಒತ್ತುವ ಸಣ್ಣ ಬಲ ಮಾತ್ರ ಹಲ್ಲನ್ನು ಎಬ್ಬಿಸಿ ನಡೆಸುತ್ತದೆ. ಆದ್ದರಿಂದ ನುಂಗುವಾಗ ನಾಲಿಗೆ ತಳ್ಳುವುದಕ್ಕಿಂತ, ಸುಮ್ಮನಿರುವಾಗ ಅದು ಎಲ್ಲಿ ಒರಗಿರುತ್ತದೆ ಅನ್ನುವುದೇ ಮುಖ್ಯ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ, ಬುಡದಲ್ಲಿ ಎಲುಬು. ಇವೆಲ್ಲದರ ಒಪ್ಪಂದದ ಮೇಲೆ ಹಲ್ಲು ನಿಂತಿರುತ್ತದೆ. ಮಗು ಹೆಬ್ಬೆರಳು ಚೀಪಿದರೆ ಆ ಒಪ್ಪಂದ ಕೆಡುತ್ತದೆ. ಶಾಶ್ವತ ಹಲ್ಲು ಬರುವ ಹೊತ್ತಿಗೂ ಚೀಪುವುದು ಬಿಡದಿದ್ದರೆ ಮುಂದಿನ ಹಲ್ಲುಗಳು ಉಬ್ಬಿ, ಬಿಡಿಬಿಡಿಯಾಗುತ್ತವೆ.

ದೊಡ್ಡವರಲ್ಲಿ ಆ ಒಪ್ಪಂದ ಬುಡದಿಂದ ಮುರಿಯುತ್ತದೆ. ಇದನ್ನು ನಾನು ಮನೆಯಲ್ಲೇ ಕಂಡೆ. ನನ್ನ ಅಮ್ಮನ ಮದುವೆಯ ಫೋಟೋದಲ್ಲಿ ಮುಂದಿನ ಹಲ್ಲುಗಳ ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ. ಐವತ್ತೆರಡರ ಹೊತ್ತಿಗೆ ಅಲ್ಲಿ ಸಂದಿ ಕಾಣತೊಡಗಿತು. ‘ವಯಸ್ಸಾಯ್ತಲ್ಲ, ಬಿಡು’ ಅಂದಳು. ಮೊದಲು ಹೋದ ಕ್ಲಿನಿಕ್ಕಿನಲ್ಲಿ ವಸಡನ್ನು ನೋಡಲೂ ಇಲ್ಲ, ಅರ್ಧ ಗಂಟೆಯಲ್ಲಿ ಹಲ್ಲಿನ ಬಣ್ಣದ ಸಿಮೆಂಟು ತುಂಬಿ ಮುಚ್ಚಿಕೊಡುತ್ತೇವೆ ಅಂದರು. ಯಾಕೋ ಮನಸ್ಸು ಒಪ್ಪದೆ ಇನ್ನೊಬ್ಬರ ಬಳಿ ಹೋದೆವು. ಅವರು ಮಿಲಿಮೀಟರ್ ಗುರುತಿರುವ ತೆಳ್ಳಗಿನ ಕಡ್ಡಿಯನ್ನು ಹಲ್ಲಿನ ಪಕ್ಕ ವಸಡಿನೊಳಗೆ ಇಳಿಸಿ ಅಳೆದರು. ಆರೋಗ್ಯವಂತ ವಸಡಿನಲ್ಲಿ ಅದು 1ರಿಂದ 3 ಮಿಲಿಮೀಟರ್ ಇಳಿಯುತ್ತದೆ. ಅಮ್ಮನಿಗೆ 6 ಇಳಿಯಿತು. ವಸಡಿನ ಕಾಯಿಲೆ ಎಲುಬನ್ನು ತಿಂದುಹಾಕಿತ್ತು. ಹಿಡಿತ ತಪ್ಪಿದ ಹಲ್ಲನ್ನು ನಾಲಿಗೆ ಸಲೀಸಾಗಿ ಮುಂದಕ್ಕೆ ತಳ್ಳಿತ್ತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇರಲಿಲ್ಲ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ತರುವುದು ಇನ್ನೂ ಕಷ್ಟ. ಎರಡೂ ಒಂದನ್ನೊಂದು ಬೆಳೆಸುತ್ತವೆ. ಬೀಡಿ, ಸಿಗರೇಟು ಜೊತೆಗಿದ್ದರೆ ಇನ್ನೂ ವೇಗ.

ನಡುವಯಸ್ಸಿನಲ್ಲಿ ಹೊಸದಾಗಿ ಬಂದ ಸಂದಿಯನ್ನು ದಯವಿಟ್ಟು ಅಂದಚಂದದ ವಿಷಯ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ಅದು ವಸಡಿನ ಕಾಯಿಲೆ. ಹಿಂದಿನ ದವಡೆಹಲ್ಲು ಕೀಳಿಸಿ ಹಾಗೇ ಬಿಟ್ಟದ್ದೂ ಇರಬಹುದು. ಬಹಳ ಅಪರೂಪಕ್ಕೆ, ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಅತಿಯಾಗಿ ಸುರಿಸಿ ದವಡೆಯನ್ನೇ ಹಿಗ್ಗಿಸುತ್ತಿರಬಹುದು. ಅಂಥವರಿಗೆ ಉಂಗುರ, ಚಪ್ಪಲಿಯೂ ಬಿಗಿಯಾಗುತ್ತಾ ಬರುತ್ತವೆ.

ಈಗ ಹಲ್ಲು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಬರೋಣ. ಹಲ್ಲು ಎಲುಬಿಗೆ ಅಂಟಿಕೊಂಡಿಲ್ಲ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಉಯ್ಯಾಲೆಯ ಹಗ್ಗದ ಹಾಗೆ ಆ ನಾರುಗಳು ಹಲ್ಲನ್ನು ತೂಗಿ ಹಿಡಿದಿರುತ್ತವೆ. ಒಂದು ಕಡೆಯಿಂದ ಮೆಲ್ಲಗೆ ಒತ್ತಿ ಹಿಡಿದರೆ, ಒತ್ತಡ ಬಿದ್ದ ಬದಿಯಲ್ಲಿ ಎಲುಬು ಕರಗಿಸುವ ಜೀವಕೋಶಗಳು ಕೆಲಸ ಶುರುಮಾಡುತ್ತವೆ. ನಾರು ಹಿಗ್ಗಿದ ಬದಿಯಲ್ಲಿ ಎಲುಬು ಕಟ್ಟುವ ಕೋಶಗಳು ಬಂದು ತುಂಬುತ್ತವೆ. ಹಿಂದೆ ಗೋಡೆ ಕಟ್ಟಿಕೊಂಡು, ಮುಂದೆ ಗೋಡೆ ಒಡೆದುಕೊಂಡು ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸಾಗುತ್ತದೆ. ಒಂದು ಹಲ್ಲನ್ನು ಬಾಗಿಸದೆ ಬೇರು ಸಮೇತ ಸರಿಸಲು 70ರಿಂದ 120 ಗ್ರಾಂ ಬಲ ಸಾಕು. ಒಂದು ಟೊಮೆಟೊ ಹಣ್ಣಿನ ತೂಕ.

ಜಾಸ್ತಿ ಬಿಗಿದರೆ ಬೇಗ ಮುಗಿಯುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904ರಲ್ಲೇ ನಾಯಿಗಳ ಹಲ್ಲು ಸರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಉತ್ತರ ಕಂಡುಕೊಂಡಿದ್ದರು. ಬಲ ಅತಿಯಾದರೆ ನಾರಿನ ಪದರದ ರಕ್ತನಾಳ ಜಜ್ಜಿಹೋಗುತ್ತದೆ. ಅಲ್ಲಿನ ಕೋಶಗಳು ಸಾಯುತ್ತವೆ. ಎಲುಬು ಕರಗಿಸುವವರೇ ಅಲ್ಲಿಲ್ಲ ಅಂದಮೇಲೆ ಹಲ್ಲು ನಿಂತೇಬಿಡುತ್ತದೆ. ಹಿಂಬದಿಯಿಂದ ಬೇರೆ ಕೋಶಗಳು ಕೊರೆದುಕೊಂಡು ಬರುವವರೆಗೆ ಕಾಯಬೇಕು. ಹಲ್ಲಿನ ವಿಷಯದಲ್ಲಿ ಮೆಲ್ಲಗೆ ಹೋಗುವುದೇ ಹತ್ತಿರದ ದಾರಿ.

ನಾವು ಕ್ಲಿಪ್ ಅನ್ನುವುದು ಇದೇ ಮೆದು ಬಲವನ್ನು ಅಳೆದು ಕೊಡುವ ಸಾಧನ. ಪ್ರತಿ ಹಲ್ಲಿಗೂ ಒಂದು ಬ್ರಾಕೆಟ್ ಅಂಟಿಸುತ್ತಾರೆ. ಅದರೊಳಗೆ ತಂತಿ ಹಾಯುತ್ತದೆ. ಶುರುವಿನಲ್ಲಿ ಬಳಸುವ ನಿಕ್ಕಲ್-ಟೈಟಾನಿಯಂ ತಂತಿ ಎಷ್ಟು ಬಾಗಿಸಿದರೂ ತನ್ನ ಆಕಾರಕ್ಕೆ ಮರಳಲು ಎಳೆಯುತ್ತಿರುತ್ತದೆ. ಈ ಲೋಹ ಬಂದದ್ದು ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಿಂದ. 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಇಳಿಯಿತು. ಸಂದಿ ಮುಚ್ಚುವಾಗ ಸರಪಳಿಯಂಥ ರಬ್ಬರನ್ನು ಬ್ರಾಕೆಟ್‌ಗಳಿಗೆ ಸಿಕ್ಕಿಸಿ ಹಲ್ಲುಗಳನ್ನು ತಂತಿಯ ಗುಂಟ ಎಳೆಯುತ್ತಾರೆ. ತಂತಿ ಹಳಿ ಇದ್ದ ಹಾಗೆ. ಅದು ಗಟ್ಟಿಯಾಗಿದ್ದರೆ ಹಲ್ಲಿನ ತುದಿ ಮಾತ್ರ ವಾಲದೆ ಬೇರೂ ಜೊತೆಗೆ ಬರುತ್ತದೆ. ಸಣ್ಣ ಸಂದಿಗೆ ಅಲೈನರ್, ಅಂದರೆ ಹಲ್ಲಿನ ಸಾಲಿಗೆ ತೊಡಿಸುವ ಪಾರದರ್ಶಕ ಕವಚ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಊಟ, ಬ್ರಷ್ ಬಿಟ್ಟರೆ ಉಳಿದ ಹೊತ್ತೆಲ್ಲ ಅದು ಬಾಯಲ್ಲೇ ಇರಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯ ರಬ್ಬರ್ ಬ್ಯಾಂಡನ್ನು ಎರಡು ಮುಂದಿನ ಹಲ್ಲಿಗೆ ಸುತ್ತಿ ಸಂದಿ ಮುಚ್ಚುವ ವಿಡಿಯೋಗಳು ಓಡಾಡುತ್ತಿವೆ. ನೋಡಲು ಇದೂ ಕ್ಲಿಪ್ಪಿನ ಕೆಲಸವನ್ನೇ ಮಾಡುವ ಹಾಗಿರುತ್ತದೆ. ಕೆಲವೇ ದಿನದಲ್ಲಿ ಸಂದಿ ಮುಚ್ಚಿಯೂ ಬಿಡುತ್ತದೆ. ಆದರೆ ಹಲ್ಲಿನ ಬೇರು ಬುಡದ ಕಡೆ ಹೋಗುತ್ತಾ ಕ್ಯಾರೆಟ್ಟಿನಂತೆ ಸಪೂರವಾಗುತ್ತದೆ. ಹಿಡಿಯಲು ಬ್ರಾಕೆಟ್ ಇಲ್ಲದ ರಬ್ಬರು ಆ ಇಳಿಜಾರಿನಲ್ಲಿ ಜಾರಿ ವಸಡಿನೊಳಗೆ ನುಸುಳುತ್ತದೆ. ಬ್ಯಾಂಡ್ ಎಲ್ಲೋ ಬಿದ್ದುಹೋಯಿತು ಅಂದುಕೊಳ್ಳುತ್ತಾರೆ. ಅದು ಒಳಗೊಳಗೇ ಮೇಲೇರುತ್ತಾ ನಾರನ್ನೂ ಎಲುಬನ್ನೂ ಕತ್ತರಿಸುತ್ತಾ ಹೋಗುತ್ತದೆ. ಎಕ್ಸ್‌ರೇಯಲ್ಲೂ ರಬ್ಬರು ಕಾಣುವುದಿಲ್ಲ. ಹೀಗೆ ಒಳ್ಳೆಯ ಹಲ್ಲುಗಳೆರಡನ್ನೂ ಕಳೆದುಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಹೈಸ್ಕೂಲು, ಕಾಲೇಜಿನ ಮಕ್ಕಳಿದ್ದರೆ ಇವತ್ತೇ ಇದನ್ನು ಹೇಳಿ.

ಎಲ್ಲ ಸಂದಿಯನ್ನೂ ಕ್ಲಿಪ್ಪಿನಿಂದಲೇ ಮುಚ್ಚಬೇಕು ಅಂತಿಲ್ಲ. 1958ರಲ್ಲಿ ವೇಯ್ನ್ ಬೋಲ್ಟನ್ ಅನ್ನುವವರು ಒಂದು ಲೆಕ್ಕ ಹಾಕಿದರು. ಬಾಯಿ ಚೆನ್ನಾಗಿ ಕೂಡಬೇಕಾದರೆ ಕೆಳಗಿನ ಮುಂದಿನ ಆರು ಹಲ್ಲುಗಳ ಒಟ್ಟು ಅಗಲ, ಮೇಲಿನ ಆರರ ಅಗಲದ ಸುಮಾರು 77.2 ಶೇಕಡಾ ಇರಬೇಕು. ಮೇಲಿನ ಹಲ್ಲುಗಳೇ ಸಣ್ಣದಿದ್ದಾಗ ಎಷ್ಟು ಎಳೆದರೂ ಎಲ್ಲೋ ಒಂದು ಕಡೆ ಜಾಗ ಮಿಕ್ಕೇ ಮಿಗುತ್ತದೆ. ಆಗ ಆ ಜಾಗವನ್ನು ಗೂಟದಂಥ ಹಲ್ಲಿನ ಎರಡೂ ಬದಿಗೆ ಹಂಚಿ, ಅದಕ್ಕೆ ಹಲ್ಲಿನ ಬಣ್ಣದ ಸಿಮೆಂಟು ಕಟ್ಟಿ ಅಗಲ ಮಾಡುತ್ತಾರೆ. ಹುಟ್ಟದೇ ಇರುವ ಹಲ್ಲಿನ ಜಾಗವನ್ನು ಕೆಲವೊಮ್ಮೆ ಕ್ಲಿಪ್ ಹಾಕಿ ಇನ್ನೂ ಅಗಲಿಸಿ, ಮುಂದೆ ಇಂಪ್ಲಾಂಟ್, ಅಂದರೆ ಎಲುಬಿಗೆ ನೆಡುವ ಕೃತಕ ಹಲ್ಲು, ಕೂರಿಸುತ್ತಾರೆ. ಅದಕ್ಕೂ ದವಡೆಯ ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು. ಇಂಪ್ಲಾಂಟ್ ಎಲುಬಿಗೇ ಬೆಸೆದುಕೊಳ್ಳುವುದರಿಂದ, ಸುತ್ತಲಿನ ಹಲ್ಲು ಕೆಳಗಿಳಿದರೂ ಅದು ಮೇಲೆಯೇ ಉಳಿದುಬಿಡುತ್ತದೆ.

ವಸಡು ಗಟ್ಟಿಯಿದ್ದು, ಸಂದಿ ಹುಟ್ಟಿನಿಂದ ಹಾಗೇ ಇದ್ದು, ನಿಮಗೆ ಅದು ಇಷ್ಟವಾದರೆ ಮುಟ್ಟುವುದೇ ಬೇಡ. ನಮ್ಮಲ್ಲಿ ಅದನ್ನು ಅದೃಷ್ಟ ಅನ್ನುವವರಿದ್ದಾರೆ. ಫ್ರಾನ್ಸಿನಲ್ಲೂ ಇವಕ್ಕೆ ಅದೃಷ್ಟದ ಹಲ್ಲು ಅಂತಲೇ ಹೆಸರು. ನೈಜೀರಿಯಾದಲ್ಲಿ ಇದು ಚೆಲುವಿನ ಗುರುತು.

ಮುಚ್ಚಿಸುವುದೇ ಆದರೆ ಆರ್ಥೊಡಾಂಟಿಸ್ಟ್ ಬಳಿ ಹೋಗಿ. ಬಿಡಿಎಸ್ ಮುಗಿಸಿ, ಮತ್ತೆ ಮೂರು ವರ್ಷ ಹಲ್ಲು ಸರಿಸುವುದನ್ನೇ ಕಲಿತವರು ಅವರು. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಸೇರಿ ರಾಜ್ಯದ ಅನೇಕ ದಂತ ಕಾಲೇಜುಗಳಲ್ಲಿ ಇದಕ್ಕೆ ವಿಭಾಗವೇ ಇದೆ. ಕ್ಲಿಪ್ ಬಿಚ್ಚಿದ ಮೇಲೆ ಏನು ಅಂತ ಮೊದಲ ದಿನವೇ ಕೇಳಿ. ಯಾಕೆಂದರೆ ಹಲ್ಲು ವಾಪಸ್ ಹೋಗಲು ನೋಡುತ್ತಿರುತ್ತದೆ. ಬೇರಿನ ಸುತ್ತಲಿನ ಎಲುಬು ಕೆಲವು ತಿಂಗಳಲ್ಲಿ ಹೊಸ ಜಾಗಕ್ಕೆ ಒಗ್ಗುತ್ತದೆ. ವಸಡಿನ ನಾರುಗಳು ಹಾಗಲ್ಲ. ನಾರ್ವೆಯ ಕೋರೆ ರೈಟಾನ್ 1959ರಲ್ಲಿ ನಾಯಿಗಳ ತಿರುಗಿಸಿದ ಹಲ್ಲುಗಳಲ್ಲಿ ನೋಡಿದಾಗ, 232 ದಿನ ಹಿಡಿದಿಟ್ಟ ಮೇಲೂ ಆ ನಾರುಗಳು ಎಳೆದುಕೊಂಡೇ ಇದ್ದವು. ನಡುವಿನ ಸಂದಿ ಮುಚ್ಚಿದವರಿಗೆ ಹಲ್ಲಿನ ಹಿಂಬದಿಗೆ ಸಣ್ಣ ತಂತಿಯೊಂದನ್ನು ಅಂಟಿಸಿ ವರ್ಷಗಟ್ಟಲೆ ಬಿಡುವುದು ಅದಕ್ಕೇ.

ಅಮ್ಮನಿಗೂ ಕೊನೆಗೆ ಅದೇ ತಂತಿ ಅಂಟಿಸಿದರು. ಮೊದಲು ವಸಡಿನ ಕೆಳಗೆ ಕ್ಲೀನಿಂಗ್, ಜೊತೆಗೆ ಸಕ್ಕರೆ ಹತೋಟಿ. ವಸಡಿನ ರಕ್ತ ನಿಂತು, ಅಳತೆ ಇಳಿದ ಮೇಲೆಯೇ ಮೆದು ಬಲದ ಕ್ಲಿಪ್. ವಸಡು ಉರಿಯುತ್ತಿರುವಾಗ ಹಲ್ಲು ಎಳೆದರೆ ಉಳಿದ ಎಲುಬೂ ಹೋಗುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದ್ದರು. ಈಗ ರಾತ್ರಿ ಊಟವಾದ ಮೇಲೆ ಅಮ್ಮ ಕನ್ನಡಿಯ ಮುಂದೆ ನಿಂತು, ಹಿಂಬದಿಯ ತಂತಿಯ ಕೆಳಗೆ ಪುಟ್ಟ ಬ್ರಷ್ ತೂರಿಸಿ ಒಂದೊಂದೇ ಸಂದನ್ನು ಉಜ್ಜುತ್ತಾಳೆ. ಮೂರು ತಿಂಗಳಿಗೊಮ್ಮೆ ಡಾಕ್ಟರು ಅದೇ ಕಡ್ಡಿ ಇಳಿಸಿ ಅಳೆಯುತ್ತಾರೆ. ಕಳೆದ ಸಲ 3 ಬಂತು.