ಪೈಪಿನೊಳಗಿನ ಎರಡನೇ ಹಾರ್ಮೋನಿಕ್ ಯಾರದು?

ಪೈಪಿಗೆ ಸ್ಪೀಕರ್ ಕಟ್ಟಿ ಸದ್ದು ಏರಿಸಿದಾಗ ಸ್ಪೆಕ್ಟ್ರಮ್‌ನಲ್ಲಿ ಇಮ್ಮಡಿ ಆವೃತ್ತಿ (ಎರಡನೇ ಹಾರ್ಮೋನಿಕ್) ಕಂಡ ಕೂಡಲೇ ‘ಅರೇಖೀಯ ಅಲೆ’ (ಸದ್ದು ಜೋರಾದಾಗ ತಾನೇ ಆಕಾರ ಕೆಡುವ ಅಲೆ) ಎಂದು ವರದಿ ಬರೆಯಬಾರದು. ಎಷ್ಟೋ ಸಲ ಅದು ಮೈಕಿನದೋ ಸ್ಪೀಕರಿನದೋ ವಿರೂಪ. ಅದನ್ನು ಬೇರ್ಪಡಿಸಲು ಮೊದಲು ಪೈಪಿನ ನಷ್ಟ ಗೊತ್ತಿರಬೇಕು.

1 ಮೀಟರ್ ಉದ್ದ, 50 ಮಿ.ಮೀ. ಒಳವ್ಯಾಸದ, ಎರಡೂ ತುದಿ ಮುಚ್ಚಿದ ಪಿವಿಸಿ ಪೈಪನ್ನೇ ನೋಡಿ. 30 ಡಿಗ್ರಿಯಲ್ಲಿ ಮೊದಲ ಅನುರಣನ (ಪೈಪಿನ ಗಾಳಿ ಜೋರಾಗಿ ಸ್ಪಂದಿಸುವ ಆವೃತ್ತಿ) ಸುಮಾರು 174 ಹರ್ಟ್ಸ್. ಶಕ್ತಿ ಸೋರುವುದು ಹೆಚ್ಚಾಗಿ ಗೋಡೆಗಂಟಿದ 0.2 ಮಿ.ಮೀ. ಆಸುಪಾಸಿನ ಗಾಳಿಪದರದಲ್ಲಿ: ಮೂರನೇ ಎರಡು ಪಾಲು ಸ್ನಿಗ್ಧತೆಯಿಂದ (ಗಾಳಿಯ ಒಳಘರ್ಷಣೆ), ಉಳಿದದ್ದು ಗೋಡೆಗೆ ಹರಿಯುವ ಶಾಖದಿಂದ. ಲೆಕ್ಕದ ಪ್ರಕಾರ ಕ್ಯೂ (ಅನುರಣನದ ಮೊನಚು ಹೇಳುವ, ನಷ್ಟ ಕಡಿಮೆಯಾದಷ್ಟೂ ಹೆಚ್ಚುವ ಸಂಖ್ಯೆ) ಸುಮಾರು 94, ಶೃಂಗದ ಅರ್ಧಶಕ್ತಿ ಅಗಲ 1.9 ಹರ್ಟ್ಸ್. ಅಳತೆಯಲ್ಲಿ 55 ಬಂದರೆ ಸೂತ್ರವನ್ನು ದೂರಬೇಡಿ. ಮೈಕಿನ ತೂತಿನ ಸಂದು, ಅದುರುವ ಎಂಡ್ ಕ್ಯಾಪ್, ಸ್ಪೀಕರಿನ ಸಸ್ಪೆನ್ಷನ್ ಇವನ್ನು ಮೊದಲು ನೋಡಿ. ಕ್ಯಾಪಿನ ಬದಲು 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟು, ಓ-ರಿಂಗ್ ಹಾಕಿ. ಮೈಕಿನ ಮುಖ ಪ್ಲೇಟಿನ ಒಳಮೈಗೆ ಸಮನಾಗಿರಲಿ, ಸುತ್ತ ಎಂ-ಸೀಲ್ ತುಂಬಿ.

ತಾಪಮಾನವನ್ನು ಪೈಪಿನ ಒಳಗೇ ಅಳೆಯಿರಿ. ತುಮಕೂರಿನ ಬೇಸಿಗೆಯಲ್ಲಿ ಶೀಟಿನ ಚಾವಣಿಯ ಲ್ಯಾಬು ಬೆಳಗ್ಗೆ 25 ಡಿಗ್ರಿ ಇದ್ದು ಮಧ್ಯಾಹ್ನ 33 ಆದರೆ ಅನುರಣನ 2.3 ಹರ್ಟ್ಸ್ ಮೇಲಕ್ಕೆ ಜರುಗುತ್ತದೆ, ಅಂದರೆ ಶೃಂಗದ ಅಗಲಕ್ಕಿಂತ ಹೆಚ್ಚು. ಶೃಂಗ ಅಳೆಯುವಾಗ ಸ್ಪೀಕರಿನ ಆವೃತ್ತಿಯನ್ನು 0.1 ಹರ್ಟ್ಸ್ ಹೆಜ್ಜೆಯಲ್ಲಿ ಬದಲಿಸಿ, ಪ್ರತಿ ಹೆಜ್ಜೆಯಲ್ಲೂ ಒಂದು ಸೆಕೆಂಡು ಕಾಯಿರಿ.

ಇನ್ನು ಅರೇಖೀಯತೆಯ ಅಂದಾಜು. ಒತ್ತಡದ ಶೃಂಗವನ್ನು ವಾತಾವರಣದ ಒತ್ತಡದ 1.4 ಪಟ್ಟಿನಿಂದ ಭಾಗಿಸಿ, 1.2 ಮತ್ತು ಕ್ಯೂಗಳಿಂದ ಗುಣಿಸಿ. ಫಲ 1ರ ಹತ್ತಿರ ಬಂದಷ್ಟೂ ಅರೇಖೀಯತೆ ಜೋರು. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಒತ್ತಡ 92 ಕಿಲೊಪ್ಯಾಸ್ಕಲ್ ಆಸುಪಾಸು. ಪುಸ್ತಕದ 101 ಹಾಕಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ. 110 ಡೆಸಿಬೆಲ್‌ಗೆ ಸಿಗುವುದು 0.008, ಗಣನೆಗೆ ಬಾರದು. 130ಕ್ಕೆ 0.08. 150ಕ್ಕೆ ಸುಮಾರು 0.8, ಅಲ್ಲಿ ಅಲೆಯ ಆಕಾರವೇ ಕೆಡುತ್ತದೆ. ಮಾದರಿ ಕಟ್ಟುವಾಗ ಎಲ್ಲ ಹಾರ್ಮೋನಿಕ್‌ಗೂ ಒಂದೇ ಕ್ಯೂ ಕೊಡಬೇಡಿ, ಎರಡನೆಯದಕ್ಕೆ ಅದು 133 ಆಗುತ್ತದೆ.

ಮೈಕನ್ನು ಪರೀಕ್ಷಿಸಲು ಒಂದು ನೇರವಾದ ದಾರಿಯಿದೆ. ಅದನ್ನು ಮುಚ್ಚಿದ ತುದಿಯಿಂದ 25 ಸೆಂ.ಮೀ. ಒಳಗೆ ಕೂರಿಸಿ. ಮೊದಲ ಸ್ವರ 3 ಡೆಸಿಬೆಲ್ ಇಳಿಯಬೇಕು, ಎರಡನೆಯದು ಬಹುತೇಕ ಮಾಯವಾಗಬೇಕು, ಏಕೆಂದರೆ ಅದರ ಒತ್ತಡದ ಗಂಟು (ಒತ್ತಡ ಏರಿಳಿಯದ ಜಾಗ) ಅಲ್ಲೇ ಇದೆ. ಹೋಗದಿದ್ದರೆ ಮೈಕ್ ಓವರ್‌ಲೋಡ್ ಆಗಿದೆ. ಸಾಮಾನ್ಯ ಎಲೆಕ್ಟ್ರೆಟ್ ಕ್ಯಾಪ್ಸೂಲಿಗೆ ಇಷ್ಟು ಸದ್ದು ತಡೆಯದು. ಸ್ಪೀಕರಿನ ಪಾಲು ತಿಳಿಯಲು ಕೋನಿಗೆ ಹಗುರವಾದ ಆಕ್ಸಿಲರೋಮೀಟರ್ (ಅದುರುವಿಕೆ ಅಳೆಯುವ ಸಾಧನ) ಅಂಟಿಸಿ, ಕೋನಿನ ಚಲನೆಯಲ್ಲೇ ಇಮ್ಮಡಿ ಆವೃತ್ತಿ ಎಷ್ಟಿದೆ ನೋಡಿ.

ಎರಡನೇ ಹಾರ್ಮೋನಿಕ್ ಬೇಡ, ಬರೀ ಒತ್ತಡ ಬೇಕು ಎನ್ನುವವರು 50 ಮಿ.ಮೀ. ಪೈಪಿಗೆ 32 ಮಿ.ಮೀ. ಪೈಪು ಜೋಡಿಸಬಹುದು. ಜೋಡಣೆ ನಟ್ಟನಡುವೆ ಬಂದರೆ ಎರಡನೇ ಅನುರಣನ ಮೊದಲಿನದರ ಎರಡು ಪಟ್ಟಾಗಿಯೇ ಉಳಿಯುತ್ತದೆ, ಕೆಲಸ ವ್ಯರ್ಥ. ದಪ್ಪ ಭಾಗ ಮೂರನೇ ಒಂದು, ಸಣ್ಣದು ಮೂರನೇ ಎರಡು ಇರುವಂತೆ ಕತ್ತರಿಸಿದರೆ ಅದು 2.37 ಪಟ್ಟಾಗುತ್ತದೆ, ಇಮ್ಮಡಿ ಆವೃತ್ತಿಗೆ ಪೈಪಿನಲ್ಲಿ ನೆಲೆ ಸಿಗುವುದಿಲ್ಲ.