ದೀಪದ ಕೊಳವೆಗೆ ಹತ್ತಿದ ಸುಣ್ಣ

ಕಲಬುರಗಿಯಲ್ಲಿ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀರಾ? ಬಿಳಿ ಹಕ್ಕಳೆ ಕಟ್ಟಿರುತ್ತದೆ. ಶಹಾಬಾದ್ ಕಲ್ಲು, ಸೇಡಂ ಸಿಮೆಂಟು, ಎರಡೂ ಸುಣ್ಣದಕಲ್ಲಿನ ಕೊಡುಗೆ. ಅದೇ ಸುಣ್ಣ ನೀರಲ್ಲೂ ಕರಗಿ ಬರುತ್ತದೆ. ಗಟಾರದ ನೀರನ್ನು ನೇರಳಾತೀತ ಬೆಳಕಿನಿಂದ ಶುದ್ಧ ಮಾಡೋಣ ಅಂದಾಗ ನನಗೆ ಮೊದಲು ನೆನಪಾಗುವುದು ಈ ಹಕ್ಕಳೆ.

1877ರಲ್ಲಿ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಒಂದು ಸರಳ ಪ್ರಯೋಗ ಮಾಡಿದರು. ಜೀವಾಣು ಬೆಳೆಯುವಂಥ ದ್ರವವನ್ನು ನಳಿಕೆಗಳಲ್ಲಿ ತುಂಬಿ ಬಿಸಿಲಿಗಿಟ್ಟರು. ಕೆಲವನ್ನು ಬೆಳಕು ತಾಕದಂತೆ ಸುತ್ತಿದರು. ಸುತ್ತಿದವು ಜೀವಾಣು ಬೆಳೆದು ಕದಡಿದವು, ಬಿಸಿಲು ಕಂಡವು ತಿಳಿಯಾಗೇ ಉಳಿದವು.

1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ನಲ್ಲಿ ನೇರಳಾತೀತ ಬೆಳಕು ಕೊಡುವ ಪಾದರಸದ ದೀಪದಿಂದ ಕುಡಿಯುವ ನೀರನ್ನು ಶುದ್ಧ ಮಾಡಿ ನೋಡಿದರು. ದೀಪ ಆಗಾಗ ಕೈಕೊಡುತ್ತಿತ್ತು. ಕ್ಲೋರಿನ್ ಅಗ್ಗ, ಬೆಳಕು ಮೂಲೆಗೆ ಸೇರಿತು. ಕ್ಲೋರಿನ್ ನೀರಲ್ಲಿ ಕ್ಲೋರೋಫಾರ್ಮ್‌ನಂಥ ಹಾನಿಕರ ವಸ್ತು ಹುಟ್ಟಿಸುತ್ತದೆ ಎಂದು 1974ರಲ್ಲಿ ಗೊತ್ತಾದ ಮೇಲೆ ದೀಪಕ್ಕೆ ಮತ್ತೆ ಬೆಲೆ ಬಂತು.

ನಮ್ಮಲ್ಲಿ ಬಿಸಿಲಿಗೇನು ಬರ, ದೀಪ ಯಾಕೆ ಅಂತೀರಾ? ದೀಪದ್ದು ಸುಮಾರು 254 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಬೆಳಕು. ಸೂರ್ಯನ ಆ ಬೆಳಕನ್ನು ಓಝೋನ್ ಪದರವೇ ತಡೆಯುತ್ತದೆ. ಇದು ತಾಕಿದರೆ ಜೀವಾಣುವಿನ ಡಿಎನ್‌ಎ ಕಗ್ಗಂಟಾಗುತ್ತದೆ. ಆಮೇಲೆ ಅದು ಮರಿ ಹಾಕಲಾರದು, ಅಷ್ಟೇ.

ಆದರೆ ತಾಕಬೇಕಲ್ವಾ? ಚರಂಡಿ ನೀರಲ್ಲಿ ಜೀವಾಣುಗಳು ಕಸದ ಕಣಗಳ ನೆರಳಲ್ಲಿ ಅಡಗುತ್ತವೆ. ಹಾಗಾಗಿ ಮೊದಲು ನೀರನ್ನು ಸಂಸ್ಕರಿಸಿ, ತಿಳಿಯಾಗಿಸಿ, ಮರಳಿನಲ್ಲಿ ಸೋಸಬೇಕು. ನಿಜವಾದ ಖರ್ಚು ಜಾಸ್ತಿ ಇರುವುದೇ ಇಲ್ಲಿ. ದೀಪ ಕೊಳ್ಳುವುದು ಸುಲಭದ ಭಾಗ.

ಕುಡಿಯುವ ನೀರಿಗೆ ಇದನ್ನು ಬಡವರ ಕೈಗೆಟುಕಿಸಲು ಹೊರಟವರು ಮುಂಬೈಯಲ್ಲಿ ಹುಟ್ಟಿದ ಭೌತವಿಜ್ಞಾನಿ ಅಶೋಕ್ ಗಾಡ್ಗೀಳ್. 1990ರ ದಶಕದಲ್ಲಿ ಭಾರತದಲ್ಲಿ ಹೊಸ ಬಗೆಯ ಕಾಲರಾ ಹಬ್ಬಿದಾಗ ಅವರು ಒಂದು ಪೆಟ್ಟಿಗೆ ರೂಪಿಸಿದರು. ಅದಕ್ಕೆ ಸುಮಾರು 60 ವಾಟ್ ಕರೆಂಟ್ ಸಾಕು, ನಿಮಿಷಕ್ಕೆ 15 ಲೀಟರ್ ನೀರು. ನನಗೆ ಇಷ್ಟವಾದದ್ದು ಒಂದು ಉಪಾಯ: ದೀಪವನ್ನು ನೀರಲ್ಲಿ ಮುಳುಗಿಸದೆ ಮೇಲೆ ತೂಗುಹಾಕಿದರು. ನೀರು ತಾಕದಿದ್ದರೆ ಸುಣ್ಣ ಎಲ್ಲಿಂದ ಹತ್ತಬೇಕು?

ಗಟಾರದ ಘಟಕಗಳಲ್ಲಿ ಸಾಮಾನ್ಯವಾಗಿ ದೀಪ ಸ್ಫಟಿಕದ ಕೊಳವೆಯೊಳಗೆ, ನೀರಿನ ನಡುವೆಯೇ ಇರುತ್ತದೆ. ಬಿಸಿ ಕೊಳವೆಗೆ ಸುಣ್ಣ ಬೇಗ ಹತ್ತುತ್ತದೆ. ಹೊರಗಿನಿಂದ ದೀಪ ಉರಿಯುತ್ತಿರುವಂತೆಯೇ ಕಾಣುತ್ತದೆ, ಕೊಲ್ಲುವ ಬೆಳಕು ಮಾತ್ರ ಪದರದಲ್ಲೇ ನಿಂತಿರುತ್ತದೆ. ಕರೆಂಟ್ ಹೋದರೂ ಅಷ್ಟೇ, ನೀರನ್ನು ಅಲ್ಲೇ ತಡೆಯದಿದ್ದರೆ ಜೀವಾಣುಗಳ ಸಮೇತ ಮುಂದೆ ಹರಿಯುತ್ತದೆ. ಹಾಗಾಗಿ ಇಲ್ಲಿ ಇಂಥ ಘಟಕ ಕಟ್ಟುವವರನ್ನು ನಾನು ದೀಪದ ಶಕ್ತಿ ಎಷ್ಟು ಅಂತ ಕೇಳುವುದಿಲ್ಲ. ನಿಂಬೆಹುಳಿಯ ನೀರಲ್ಲಿ ಬಟ್ಟೆ ಅದ್ದಿ ಕೊಳವೆ ಒರೆಸುವವರು ಯಾರು, ಎಷ್ಟು ದಿನಕ್ಕೊಮ್ಮೆ ಅಂತ ಕೇಳುತ್ತೇನೆ.